ಆರ್ಡಿಸ್ ಮನೆ ಬಿಟ್ಟ ಚುನಾವಣೆ

ಆರ್ಡಿಸ್ ಹಾಲ್ವರ್ಸನ್ ತನ್ನ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಗಂಡ ಕಟ್ಟಿಸಿದ ಮನೆಯಿಂದ ಒಂದು ಸೂಟ್‌ಕೇಸು ಹಿಡಿದು ಹೊರಬಿದ್ದಾಗ, ಸೊಸೆಯ ಕಾಟ ತಾಳಲಾರದೆ ಹೋದಳೆಂದು ಟೋರ್ವಿಕ್ ಊರೆಲ್ಲ ಮಾತಾಡಿಕೊಂಡಿತು. ನಮ್ಮೂರಿನ ಬಾಯಿಗೆ ಬೀಗವಿಲ್ಲ. ನಾನು ಅವರ ಪಕ್ಕದ ಮನೆಯವಳು. ನನ್ನ ಅಡುಗೆಮನೆಯ ಕಿಟಕಿಗೂ ಅವರದಕ್ಕೂ ನಡುವೆ ಇಪ್ಪತ್ತು ಹೆಜ್ಜೆ. ಆ ಮನೆಯ ಪಾತ್ರೆಯ ಸದ್ದು ಯಾವುದು, ಜಗಳದ ಸದ್ದು ಯಾವುದು ಎಂದು ಮೂವತ್ತು ವರ್ಷದಿಂದ ನನಗೆ ಗೊತ್ತು. ಅದಕ್ಕೇ ಹೇಳುತ್ತೇನೆ, ಆರ್ಡಿಸ್‌ಗೆ ಮನೆ ಬಿಡಿಸಿದ್ದು ಸೊಸೆಯಲ್ಲ, ಒಂದು ಕಾಗದ.

ಆ ಕಾಗದ ಬಂದದ್ದು ಸೆಪ್ಟೆಂಬರ್ ನಡುವಿನಲ್ಲಿ, ಕೌಂಟಿ ಕಚೇರಿಯಿಂದ. ಆರ್ಡಿಸ್ ಮೂವತ್ತನಾಲ್ಕು ವರ್ಷದಿಂದ ನಮ್ಮ ಮತಗಟ್ಟೆಯ ಅಧಿಕಾರಿ. ನಮ್ಮ ಮಿನೆಸೋಟಾ ರಾಜ್ಯದಲ್ಲಿ ಆ ಮೇಜಿನ ಹಿಂದೆ ಎರಡೂ ಪಕ್ಷದವರು ಕೂರಬೇಕು. ಕಣ್ಣು ಕಾಣದ ಮುದುಕ ಬಂದರೆ ಒಬ್ಬ ಅಧಿಕಾರಿ ಈ ಪಕ್ಷದವರು, ಇನ್ನೊಬ್ಬರು ಆ ಪಕ್ಷದವರು ಜೊತೆಗೆ ನಿಂತು ಮತಪತ್ರ ತುಂಬಿಸಬೇಕು. ರಿಪಬ್ಲಿಕನ್ನರ ಕಡೆಯಿಂದ ಆರ್ಡಿಸ್, ಡೆಮಾಕ್ರಟರ ಕಡೆಯಿಂದ ಬರ್ನಿಸ್ ಟೋಲೆಫ್ಸನ್. ದೇಶದ ಅಧ್ಯಕ್ಷರಿಂದ ಹಿಡಿದು ಸೇಬಿನ ಪೈ ಮಾಡುವ ಹಿಟ್ಟಿನವರೆಗೆ ಅವರಿಬ್ಬರಿಗೆ ಯಾವುದರಲ್ಲೂ ಒಮ್ಮತವಿಲ್ಲ. ಎಣಿಕೆಯಲ್ಲಿ ಮಾತ್ರ ಒಂದು ಮತದ ವ್ಯತ್ಯಾಸ ಯಾವತ್ತೂ ಬಂದಿಲ್ಲ.

ಎರಡು ವರ್ಷಕ್ಕೊಮ್ಮೆ ಬರುವ ಆ ಕಾಗದದಲ್ಲಿ ಒಂದು ಸಾಲಿದೆ. ಈ ಚುನಾವಣೆಯ ಯಾವ ಅಭ್ಯರ್ಥಿಯ ಜೊತೆಗೂ ನಾನು ಒಂದೇ ಮನೆಯಲ್ಲಿ ವಾಸವಾಗಿಲ್ಲ, ಎಂದು. ಹದಿನೇಳು ಸಲ ಆರ್ಡಿಸ್ ಅದನ್ನು ಓದದೆಯೇ ಸಹಿ ಹಾಕಿದ್ದಳು. ಹದಿನೆಂಟನೆಯ ಸಲ ಪೆನ್ನು ನಿಂತಿತು.

ಸೊಸೆ ಕಾರ್ಲಾ ಜೂನ್ ತಿಂಗಳಲ್ಲೇ ರಾಜ್ಯದ ಶಾಸನಸಭೆಗೆ ಡೆಮಾಕ್ರಟಿಕ್ ಪಕ್ಷದಿಂದ ನಾಮಪತ್ರ ಹಾಕಿದ್ದಳು. ಅವಳು ನಮ್ಮೂರಿನ ಆಸ್ಪತ್ರೆಯ ಹೆರಿಗೆ ವಾರ್ಡಿನ ದಾದಿ. ವಸಂತದಲ್ಲಿ ವಾರ್ಡು ಮುಚ್ಚಿತು. ಅಂದಿನಿಂದ ಅವಳಿಗೆ ನಿದ್ದೆಯಿಲ್ಲ, ಇತರರಿಗೆ ನಿದ್ದೆ ಮಾಡಲು ಬಿಟ್ಟೂ ಇಲ್ಲ. ಆಗಸ್ಟಿನ ಪಕ್ಷದೊಳಗಿನ ಮತದಾನದಲ್ಲಿ ಅವಳಿಗೆ ಎದುರಾಳಿ ಇರಲಿಲ್ಲವಾದ್ದರಿಂದ ಮತಪತ್ರದಲ್ಲಿ ಹೆಸರೂ ಬರಲಿಲ್ಲ, ಯಾರ ತಲೆಗೂ ಈ ನಿಯಮ ಹೊಳೆಯಲಿಲ್ಲ. ಇಡೀ ಕೌಂಟಿಯ ಹೊಸಬರಿಗೆ ನಿಯಮ ಕಲಿಸಿದ ಆರ್ಡಿಸ್‌ಗೆ, ತನ್ನ ಊಟದ ಮೇಜಿನ ಎದುರಿಗೇ ಅಭ್ಯರ್ಥಿ ಕೂತು ಉಪ್ಪು ಕೇಳುತ್ತಿರುವುದು ಕಾಣಿಸಿರಲಿಲ್ಲ.

ಆ ದಿನ ಸಂಜೆ ಐದೂವರೆಗೆ ಊಟಕ್ಕೆ ಕೂತಾಗ ಮಾತೆತ್ತಿದಳು. ಮೇಜಿನ ಮೇಲೆ ಕೊಚ್ಚಿದ ಮಾಂಸದ ಮೇಲೆ ಆಲೂಗಡ್ಡೆ ಉಂಡೆ ಜೋಡಿಸಿ ಬೇಯಿಸಿದ ಹಾಟ್‌ಡಿಶ್. ಮಗ ಲೋವೆಲ್, ಸೊಸೆ ಕಾರ್ಲಾ, ಹದಿನಾರು ವರ್ಷದ ಮೊಮ್ಮಗಳು ಸಿಗ್ನೆ. ಕಿಟಕಿ ತೆರೆದಿತ್ತು. ನಾನು ಪಾತ್ರೆ ತೊಳೆಯುತ್ತಿದ್ದೆ, ಅಷ್ಟೇ. ಕಿವಿ ಮುಚ್ಚಿಕೊಂಡು ಪಾತ್ರೆ ತೊಳೆಯಲು ಬರುವುದಿಲ್ಲ.

"ಕಾರ್ಲಾ, ನಿನ್ನ ಹೆಸರು ವಾಪಸ್ ತಗೊಳ್ಳೋಕಾಗುತ್ತಾ?"

"ಗಡುವು ಮುಗಿದು ಮೂರು ತಿಂಗಳಾಯ್ತು, ಅತ್ತೆ. ಆಗೋ ಹಾಗಿದ್ರೂ ತಗೋತಿರ್ಲಿಲ್ಲ. ಈ ಒಂದ್ಸಲ ನೀವೇ ಮನೇಲಿರಿ."

"ಕಾಲು ಮುರಿದ ವರ್ಷಾನೂ ನಾನು ಮನೇಲಿರ್ಲಿಲ್ಲ. ಪ್ಲಾಸ್ಟರ್ ಹಾಕ್ಕೊಂಡು ಹೋಗಿ ಕೂತಿದ್ದೆ. ನಿನ್ನಿಂದಾಗಿ ಮನೇಲಿ ಕೂರಬೇಕಾ ಈಗ?"

"ನನ್ನಿಂದ ಅಲ್ಲ, ವಾರ್ಡು ಮುಚ್ಚಿದೋರಿಂದ."

ಅಲ್ಲಿಂದ ಮಾತು ಹಳೆಯ ಗಾಡಿಜಾಡಿಗೆ ಬಿತ್ತು. ವರ್ಷಕ್ಕೆ ನಲವತ್ತು ಹೆರಿಗೆಯಾಗದ ವಾರ್ಡಿಗೆ ಊರವರ ತೆರಿಗೆ ಸುರಿಯಬೇಕೇ ಎಂದು ಅತ್ತೆ. ಹಾಗಾದರೆ ನಲವತ್ತು ತಾಯಂದಿರು ಅರವತ್ತು ಮೈಲಿ ಓಡಬೇಕೇ ಎಂದು ಸೊಸೆ. ನಿಮ್ಮ ಪಕ್ಷದವರ ಚೀಲಕ್ಕೆ ತಳವೇ ಇಲ್ಲ ಎಂದು ಅತ್ತೆ.

"ಅತ್ತೆ, ಧಾನ್ಯದ ಲಾರಿಗಳ ಹಿಂದೆ ಸಿಕ್ಕಾಕೊಂಡು ಕಾರಲ್ಲೇ ಹೆತ್ತಳಲ್ಲ, ಆ ಹುಡುಗಿಯ ಮಗೂನ ಹೊಕ್ಕುಳಬಳ್ಳಿ ರಸ್ತೆ ಬದೀಲಿ ನಾನು ಕತ್ತರಿಸಿದ್ದೀನಿ. ಅಲ್ಲಿ ಯಾವ ಪಕ್ಷದೋರೂ ಇರ್ಲಿಲ್ಲ."

ಲೋವೆಲ್ ಅಡಕತ್ತರಿಯಲ್ಲಿ ಸಿಕ್ಕವನಂತೆ ಇಬ್ಬರನ್ನೂ ನೋಡಿ, ಉಪ್ಪಿನಕಾಯಿ ಶೀಸೆ ಈ ಕಡೆ ಬರಲಿ ಎಂದ. ಅವನ ತೀರ್ಪು ಯಾವಾಗಲೂ ಅಷ್ಟೇ. ಆಮೇಲೆ ಕಾರ್ಲಾ ತಟ್ಟೆ ಸರಿಸಿ ಮೆಲ್ಲಗೆ ಹೇಳಿದಳು:

"ಸರಿ. ಮನೆ ನಿಮ್ಮದು. ನಾನೇ ಎರಡು ತಿಂಗಳು ಅಕ್ಕನ ಮನೇಲಿ ಇರ್ತೀನಿ."

"ನೀನು ಎಲ್ಲಿಗೂ ಹೋಗೋದು ಬೇಡ," ಎಂದಳು ಆರ್ಡಿಸ್. "ಲೋವೆಲ್ ನಾಳೆ ನಾಡಿದ್ದು ಸಕ್ಕರೆ ಬೀಟ್ ಸುಗ್ಗಿಗೆ ಹೋಗ್ತಾನೆ, ಮಗು ಒಂಟಿ. ಸೊಸೇನ ಹೊರಗೆ ಹಾಕಿ ಕುರ್ಚಿ ಉಳಿಸ್ಕೊಂಡ್ಲು ಅಂತ ಅನ್ನಿಸ್ಕೊಳ್ಳೋಕೆ ನಂಗೆ ಇಷ್ಟವಿಲ್ಲ. ನಾನೇ ಹೋಗ್ತೀನಿ."

ಇದು ಊರಿಗೆ ಗೊತ್ತಾಗಲಿಲ್ಲ. ಗೊತ್ತಾಗಬೇಕಾಗಿದ್ದ ಮಾತು ಇದೊಂದೇ ಆಗಿತ್ತು.

ಮೊದಲು ಅವಳು ಹೋದದ್ದು ದೂರವೇನಲ್ಲ, ಹಿತ್ತಲಿಗೆ. ಅಲ್ಲಿ ಗಂಡನ ಕಾಲದ ಮೀನುಮನೆ ನಿಂತಿತ್ತು. ಚಳಿಗಾಲದಲ್ಲಿ ಕೆರೆಯ ಮಂಜುಗಡ್ಡೆಯ ಮೇಲೆ ಎಳೆದುಕೊಂಡು ಹೋಗಿ, ನೆಲದ ತೂತಿನಿಂದ ಗಾಳ ಬಿಡುವ ಗಾಲಿಯ ಗೂಡು. ಎರಡು ರಾತ್ರಿ ಅದರಲ್ಲಿ ಮಲಗಿದಳು. ಮೂರನೆಯ ದಿನ ಕೌಂಟಿ ಕಚೇರಿಯ ಹೆಂಗಸು ಫೋನು ಮಾಡಿ, ಅಂಗಳ ಅದೇ, ವಿಳಾಸ ಅದೇ, ಇದನ್ನು ನಾವು ಒಪ್ಪುವುದಿಲ್ಲ ಎಂದಳು. ಆರ್ಡಿಸ್‌ಗೆ ಸಿಟ್ಟು ಬರಲಿಲ್ಲ, ಹೆಮ್ಮೆಯಾಯಿತು. ಆ ಹೆಂಗಸಿಗೆ ನಿಯಮ ಕಲಿಸಿದವಳು ತಾನೇ ಎಂದು ಬೇಲಿಯ ಮೇಲಿಂದ ನನಗೆ ಹೇಳಿದಳು.

ನಂತರ ಸೂಟ್‌ಕೇಸು ಹಿಡಿದು ಹೋದದ್ದು ಬರ್ನಿಸ್ ಮನೆಗೆ. ಡೆಮಾಕ್ರಟ್ ಸೊಸೆಯಿಂದ ದೂರವಿರಲು ಡೆಮಾಕ್ರಟ್ ಗೆಳತಿಯ ಮನೆ. ಬರ್ನಿಸ್ ವಿಧವೆ, ಮೇಲಿನ ಕೋಣೆ ಖಾಲಿಯಿತ್ತು. ಬಾಗಿಲಲ್ಲೇ ಷರತ್ತು ಹಾಕಿದಳಂತೆ: "ನನ್ನ ರೇಡಿಯೋ ಮುಟ್ಟಬೇಡ, ನನ್ನ ಪೈನಲ್ಲಿ ತಪ್ಪು ಹುಡುಕಬೇಡ. ಮಿಕ್ಕಿದ್ದು ನಿನ್ನ ಮನೇನೇ ಮಾರಾಯ್ತಿ."

ಆರ್ಡಿಸ್ ಇಲ್ಲದ ಮನೆ ಹತ್ತೇ ದಿನದಲ್ಲಿ ಹಳಿ ತಪ್ಪಿತು. ಲೋವೆಲ್ ಹಗಲು ಹನ್ನೆರಡು ಗಂಟೆ ಬೀಟ್ ಲಾರಿ ಓಡಿಸಿ, ಬೂಟಿನ ಮಣ್ಣಿನ ಸಮೇತ ಸೋಫಾದ ಮೇಲೆ ಬಿದ್ದುಕೊಳ್ಳುತ್ತಿದ್ದ. ಕಾರ್ಲಾ ಮಧ್ಯಾಹ್ನದವರೆಗೆ ಆಸ್ಪತ್ರೆಯ ಇನ್ನೊಂದು ವಾರ್ಡಿನಲ್ಲಿ ಕೆಲಸ, ಆಮೇಲೆ ಕ್ಲಿಪ್‌ಬೋರ್ಡ್ ಹಿಡಿದು ಮನೆ ಮನೆಯ ಬಾಗಿಲು ತಟ್ಟುವುದು. ನಾಯಿ ಕಚ್ಚಿದ್ದು ಒಂದು ಸಲ, ಬಾಗಿಲು ಮುಖಕ್ಕೆ ಬಡಿದದ್ದು ಲೆಕ್ಕವಿಲ್ಲದಷ್ಟು ಸಲ. ಸಿಗ್ನೆ ವಾರಪೂರ್ತಿ ಡಬ್ಬದ ಪಿಜ್ಜಾ ಬಿಸಿ ಮಾಡಿದಳು. ಬಿಳಿ ಬಟ್ಟೆಯ ಜೊತೆ ಕೆಂಪು ಕಾಲುಚೀಲ ಒಗೆದದ್ದಕ್ಕೆ ಅಪ್ಪನ ಬನಿಯನ್ನುಗಳೆಲ್ಲ ಗುಲಾಬಿಯಾದವು. ಅವನು ಅದನ್ನೇ ಹಾಕಿಕೊಂಡು ಸುಗ್ಗಿಗೆ ಹೋದ.

ಈ ವರ್ತಮಾನವೆಲ್ಲ ಆರ್ಡಿಸ್‌ಗೆ ತಲುಪಿಸುತ್ತಿದ್ದವಳು ಸಿಗ್ನೆ. ಅವಳ ಸೈಕಲ್ಲಿನ ಬುಟ್ಟಿಯಲ್ಲಿ ಆರ್ಡಿಸ್‌ಳ ಆಯತಾಕಾರದ ಗಾಜಿನ ಪಾತ್ರೆ ಎರಡು ಮನೆಗಳ ನಡುವೆ ಓಡಾಡುತ್ತಿತ್ತು. ತಳದಲ್ಲಿ ಅಂಟುಪಟ್ಟಿ, ಅದರ ಮೇಲೆ ಹಾಲ್ವರ್ಸನ್ ಎಂದು ಹೆಸರು. ಮಂಗಳವಾರ ಅದರಲ್ಲಿ ಆರ್ಡಿಸ್ ಮಾಡಿದ ಹಾಟ್‌ಡಿಶ್ ಮನೆಗೆ ಹೋಗುತ್ತಿತ್ತು. ಗುರುವಾರ ತೊಳೆದ ಪಾತ್ರೆ ಮರಳುತ್ತಿತ್ತು, ಒಳಗೆ ನಾಲ್ಕು ಸೇಬೋ, ಕುಂಬಳಕಾಯಿ ಬ್ರೆಡ್ಡೋ, ಏನೂ ಇಲ್ಲದಿದ್ದರೆ ಹಿತ್ತಲಿನ ಕೊನೆಯ ಟೊಮೆಟೊವೋ. ನಮ್ಮ ಕಡೆ ಒಬ್ಬರ ಪಾತ್ರೆಯನ್ನು ಖಾಲಿ ಮರಳಿಸುವುದಿಲ್ಲ. ಕಾರ್ಲಾ ಎಷ್ಟೇ ದಣಿದಿದ್ದರೂ ಅದನ್ನು ತಪ್ಪಿಸಿರಲಿಲ್ಲ. ಅತ್ತೆ ಸೊಸೆಯರು ಒಂದೇ ಸೂರಿನಡಿ ಇದ್ದಾಗಿನದಕ್ಕಿಂತ ಈಗಲೇ ಚೆನ್ನಾಗಿದ್ದಾರೆ ಎಂದು ನನ್ನ ಗಂಡ ಹೇಳಿದ. ನನಗೂ ಹಾಗೇ ಅನ್ನಿಸಿತ್ತು.

ಅಕ್ಟೋಬರ್ ಎರಡನೆಯ ವಾರ ಎಲ್ಲರ ಅಂಚೆಪೆಟ್ಟಿಗೆಗೂ ಒಂದು ಹೊಳೆಯುವ ಕರಪತ್ರ ಬಂತು. ಒಂದು ಕಡೆ ಕಾರ್ಲಾಳ ಮುಖ, ಕಣ್ಣು ಅರೆಮುಚ್ಚಿದ ಗಳಿಗೆಯಲ್ಲಿ ತೆಗೆದದ್ದು. ಇನ್ನೊಂದು ಕಡೆ ಖಾಲಿ ಕುರ್ಚಿಯಿರುವ ಊಟದ ಮೇಜು. ಕೆಳಗೆ ದೊಡ್ಡ ಅಕ್ಷರದಲ್ಲಿ: "ಸ್ವಂತ ಅತ್ತೆಯೇ ಇವರ ಜೊತೆ ಬಾಳಲಾರದೆ ಮನೆ ಬಿಟ್ಟರು. ನೀವು ಇವರನ್ನು ನಂಬುತ್ತೀರಾ?"

ಅದನ್ನು ಹಂಚಿಸಿದವನು ಗೇಲಾರ್ಡ್ ಸ್ಟೆನ್ಸ್‌ರುಡ್. ನಮ್ಮ ಕೌಂಟಿಯ ರಿಪಬ್ಲಿಕನ್ ಮುಖಂಡ, ಟ್ರ್ಯಾಕ್ಟರ್ ಮಾರುವವನು. ಆರ್ಡಿಸ್‌ಳ ಹೆಸರನ್ನು ಪ್ರತಿ ಸಲ ಮತಗಟ್ಟೆಗೆ ಶಿಫಾರಸು ಮಾಡುವವನೂ ಅವನೇ. ಅವಳು ಯಾಕೆ ಮನೆ ಬಿಟ್ಟಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನನಗೆ ಸಿಟ್ಟು ಬಂದದ್ದು ಅದಕ್ಕೇ. ತಿಳಿಯದೆ ಆಡಿದ ಮಾತನ್ನು ಕ್ಷಮಿಸಬಹುದು.

ಆ ಗುರುವಾರ ಗಾಜಿನ ಪಾತ್ರೆ ಬರ್ನಿಸ್ ಮನೆಗೆ ಬಂತು. ಚೆನ್ನಾಗಿ ತೊಳೆದಿತ್ತು. ಒಳಗೆ ಏನೂ ಇರಲಿಲ್ಲ.

"ಅಮ್ಮ ಏನೂ ಹೇಳ್ಲಿಲ್ವಾ?" ಎಂದಳು ಆರ್ಡಿಸ್.

"ಇಲ್ಲ ಅಜ್ಜಿ. ಸ್ನಾನದ ಮನೇಲಿ ನೀರು ಬಿಟ್ಕೊಂಡು ಅಳ್ತಿದ್ಲು. ಆ ಫೋಟೋ, ಆ ಮಾತು ಗೇಲಾರ್ಡ್‌ಗೆ ನೀನೇ ಕೊಟ್ಟಿದ್ದು ಅಂತ ಅನ್ಕೊಂಡಿದಾಳೆ."

"ನೀನು?"

"ನಂಗೆ ನೀನು ಗೊತ್ತಲ್ಲ. ಆದ್ರೆ ಅಜ್ಜಿ, ಸುಳ್ಳು ಅಂತ ಯಾರಿಗೂ ಹೇಳ್ದೆ ಸುಮ್ನೆ ಕೂತಿದೀಯಲ್ಲ, ಅದ್ಯಾಕೆ?"

ಹದಿನಾರು ವರ್ಷದ ಹುಡುಗಿ ಕೇಳಿದ ಆ ಪ್ರಶ್ನೆಗೆ ಆರ್ಡಿಸ್‌ಳ ಹತ್ತಿರ ಮೂವತ್ತನಾಲ್ಕು ವರ್ಷದ ಉತ್ತರವಿತ್ತು. ಆಗಸ್ಟಿನಿಂದ ನವೆಂಬರಿನವರೆಗೆ ಮತಗಟ್ಟೆಯ ಅಧಿಕಾರಿ ಬಾಯಿ ಬಿಡಬಾರದು. ಹಾಗೆಂದು ಕಾನೂನು ಹೇಳುವುದಿಲ್ಲ, ಅದು ಅವಳು ತನಗೆ ತಾನೇ ಹಾಕಿಕೊಂಡ ಕಟ್ಟು. ಅವಳ ಅಂಗಳದಲ್ಲಿ ಯಾವ ಪಕ್ಷದ ಫಲಕವೂ ಯಾವತ್ತೂ ನಿಂತಿಲ್ಲ. ಕಾರ್ಲಾ ಕೂಡ ತನ್ನ ಫಲಕವನ್ನು ತನ್ನ ಮನೆಯ ಮುಂದೆ ನೆಡಲಾಗದೆ ನನ್ನ ಅಂಗಳದ ಹುಲ್ಲಿನಲ್ಲಿ ನೆಟ್ಟಿದ್ದಳು. ಈಗ ಸೊಸೆಯ ಪರ ಒಂದು ಮಾತಾಡಿದರೆ, ಸಾಲಿನಲ್ಲಿ ನಿಂತ ಪ್ರತಿಯೊಬ್ಬನೂ ಆ ಮೇಜಿನ ಕಡೆ ಸಂಶಯದಿಂದ ನೋಡುತ್ತಾನೆ. ಮಾತಾಡದಿದ್ದರೆ ಸುಳ್ಳು ನಿಲ್ಲುತ್ತದೆ. ಕುರ್ಚಿ ಬೇಕೋ, ಸೊಸೆಯ ಮಾನ ಬೇಕೋ?

ಎರಡು ದಿನ ಅವಳು ಬರ್ನಿಸ್ ಜೊತೆಯೂ ಜಗಳವಾಡಲಿಲ್ಲ. ಬರ್ನಿಸ್ ಹೆದರಿ ನನಗೆ ಫೋನು ಮಾಡಿದಳು.

ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಲೂಟಫಿಸ್ಕ್ ಊಟ. ವರ್ಷಕ್ಕೊಂದು ಸಲ, ನಾಲ್ಕು ಪಂಕ್ತಿ, ಆರುನೂರು ಜನ. ಕ್ಷಾರದ ನೀರಿನಲ್ಲಿ ನೆನೆಸಿ ಬೇಯಿಸಿದ ಆ ಒಣಮೀನು ತಟ್ಟೆಯಲ್ಲಿ ಲೋಳೆಲೋಳೆಯಾಗಿ ನಡುಗುತ್ತದೆ, ವಾಸನೆ ಮೂರು ದಿನ ಕೋಟಿನಿಂದ ಹೋಗುವುದಿಲ್ಲ. ಆದರೂ ಅಜ್ಜಂದಿರ ದೇಶದ ನೆನಪಿಗೆ ಎಲ್ಲರೂ ತಿನ್ನುತ್ತೇವೆ. ತಿನ್ನಲು ಸಾಧ್ಯವಾಗುವುದು ಮೇಲೆ ಸುರಿಯುವ ಬಿಸಿ ಬೆಣ್ಣೆಯಿಂದ ಮಾತ್ರ. ಆ ಬೆಣ್ಣೆಯ ಹೂಜಿ ಇಪ್ಪತ್ತು ವರ್ಷದಿಂದ ಆರ್ಡಿಸ್‌ಳ ಕೈಯಲ್ಲಿದೆ. ನಾನು ಆಲೂಗಡ್ಡೆ ಬೇಯಿಸುವವಳು. ಆ ದಿನ ಕಾರ್ಲಾ ಕಾಫಿ ಹಂಚುತ್ತಿದ್ದಳು. ಚುನಾವಣೆಗೆ ನಿಂತರೇನು, ಅವಳ ಪಾಳಿ ಜುಲೈನಲ್ಲೇ ಬರೆದಾಗಿತ್ತು. ಅತ್ತೆ ಈ ಸಾಲಿನಲ್ಲಿದ್ದರೆ ಸೊಸೆ ಆ ಸಾಲು ಹಿಡಿಯುತ್ತಿದ್ದಳು. ಇಬ್ಬರ ಮುಖವನ್ನೂ ಊರು ಊಟಕ್ಕಿಂತ ಹೆಚ್ಚು ಗಮನವಿಟ್ಟು ನೋಡುತ್ತಿತ್ತು.

ಎರಡನೆಯ ಪಂಕ್ತಿಯಲ್ಲಿ ಗೇಲಾರ್ಡ್ ಕೂತಿದ್ದ, ಸುತ್ತ ಅವನ ಕಡೆಯವರು. ಮೀನು ಬಡಿಸಿಯಾಗಿತ್ತು. ಆರ್ಡಿಸ್ ಬೆಣ್ಣೆಯ ಹೂಜಿಯೊಂದಿಗೆ ಬಂದು ಅವನ ಪಕ್ಕ ನಿಂತಳು. ಅವನು ತಟ್ಟೆ ಮುಂದೆ ಒಡ್ಡಿದ. ಹೂಜಿ ಬಾಗಲಿಲ್ಲ.

"ಗೇಲಾರ್ಡ್, ನಾನು ಮನೆ ಬಿಟ್ಟಿದ್ದು ಯಾಕೆ?"

ಅವನು ನಗಲು ನೋಡಿದ. "ಊಟದ ಹೊತ್ತಲ್ಲಿ ರಾಜಕೀಯ ಯಾಕೆ ಆರ್ಡಿಸ್?"

"ರಾಜಕೀಯ ಅಲ್ಲ, ನನ್ನ ಮನೆ ವಿಷಯ. ಅಂಚೇಲಿ ಎಲ್ಲರಿಗೂ ಕಳಿಸಿದೀಯಲ್ಲ. ಈಗ ಬಾಯಲ್ಲಿ ಹೇಳು."

"ಅದು ಏನೋ ನಿಯಮ..."

"ಜೋರಾಗಿ. ಕೊನೇ ಮೇಜಲ್ಲಿರೋ ಹೆರಾಲ್ಡ್‌ಗೆ ಕಿವಿ ಮಂದ."

ಬೆಣ್ಣೆಯಿಲ್ಲದ ಲೂಟಫಿಸ್ಕ್ ತಟ್ಟೆಯಲ್ಲಿ ಆರುತ್ತಿತ್ತು. ಆರಿದರೆ ಅದು ಅಂಟು. ಗೇಲಾರ್ಡ್ ತಟ್ಟೆ ನೋಡಿದ, ಹೂಜಿ ನೋಡಿದ, ಕೆಂಪಾದ.

"ಮತಗಟ್ಟೆ ಅಧಿಕಾರಿ ಅಭ್ಯರ್ಥಿಯ ಜೊತೆ ಒಂದೇ ಮನೇಲಿ ಇರಬಾರದು ಅಂತ ಕಾನೂನು," ಎಂದ ಜೋರಾಗಿ. "ಅದಕ್ಕೆ ಹೋದ್ರಿ."

"ಹೊರಗೆ ಹೋಗ್ತೀನಿ ಅಂತ ಮೊದಲು ಹೊರಟೋಳು ನನ್ನ ಸೊಸೆ. ತಡೆದೋಳು ನಾನು. ಅದನ್ನೂ ತಿಳ್ಕೊ." ಆರ್ಡಿಸ್ ಹೂಜಿ ಬಾಗಿಸಿ ತಟ್ಟೆ ತುಂಬ ಬೆಣ್ಣೆ ಸುರಿದಳು. ಜಿಪುಣತನ ಅವಳ ಕೈಗೆ ಬರುವುದಿಲ್ಲ. "ಈಗ ಆ ಕುರ್ಚಿ ನನಗೆ ಬೇಡ. ಇವತ್ತು ನಾನು ಮನೆಗೆ ಹೋಗ್ತಿದ್ದೀನಿ."

"ಇನ್ನು ಮೂರು ವಾರಕ್ಕೆ ನಮ್ಮ ಕಡೆಯಿಂದ ಇನ್ನೊಬ್ಬರನ್ನ ಎಲ್ಲಿಂದ ತರ್ಲಿ ನಾನು?"

"ನೀನೇ ಕೂತ್ಕೋ. ಎರಡು ಗಂಟೆ ತರಬೇತಿ. ಸುಳ್ಳು ಹೇಳಬಾರದು ಅಂತ ಮೊದಲ ಪುಟದಲ್ಲೇ ಇದೆ."

ಹೂಜಿಯನ್ನು ನನ್ನ ಕೈಗೆ ಕೊಟ್ಟು ಅವಳು ಏಪ್ರನ್ ಬಿಚ್ಚಿದಳು. ಮೂವತ್ತನಾಲ್ಕು ವರ್ಷದ ಕೆಲಸವನ್ನು ಒಂದು ಮಾತಿನಲ್ಲಿ ಬಿಡುವುದು ಸುಲಭವಲ್ಲ. ಕಾರ್ಲಾ ಕಾಫಿಯ ಪಾತ್ರೆ ಹಿಡಿದುಕೊಂಡು ಆ ಸಾಲಿನಿಂದ ಈ ಸಾಲಿಗೆ ದಾಟಿ ಬಂದಳು. ನಮ್ಮ ಜನ ಅಪ್ಪಿಕೊಂಡು ಅಳುವವರಲ್ಲ.

"ಅತ್ತೆ, ಪಾತ್ರೆ ಖಾಲಿ ಕಳಿಸಬಾರದಿತ್ತು ನಾನು."

"ಹೌದು, ಕಳಿಸಬಾರದಿತ್ತು. ಮನೇಲಿ ಊಟಕ್ಕೇನಿದೆ?"

"ಪಿಜ್ಜಾ."

"ದೇವರೇ," ಎಂದಳು ಆರ್ಡಿಸ್.

ಆ ಸಂಜೆಯಿಂದ ಹಾಲ್ವರ್ಸನ್ ಮನೆಯಲ್ಲಿ ಪಾತ್ರೆಯ ಸದ್ದೂ ಜಗಳದ ಸದ್ದೂ ಮತ್ತೆ ಸರಿಯಾಗಿ ಕೇಳಿಬಂದವು. ತೆರಿಗೆ, ವಾರ್ಡು, ತಳವಿಲ್ಲದ ಚೀಲ. ಒಂದು ಬದಲಾವಣೆ ಮಾತ್ರ ಆಯಿತು. ಮಾರನೆಯ ದಿನ ನನ್ನ ಹುಲ್ಲಿನಲ್ಲಿದ್ದ ಕಾರ್ಲಾಳ ಫಲಕವನ್ನು ಆರ್ಡಿಸ್ ಕಿತ್ತು, ತನ್ನ ಅಂಗಳದಲ್ಲಿ ನೆಟ್ಟಳು. ಅದರ ಪಕ್ಕಕ್ಕೆ ತನ್ನ ಪಕ್ಷದ ಅಭ್ಯರ್ಥಿಯ ಫಲಕವನ್ನೂ ತಂದು ನೆಟ್ಟಳು, ಕೈಯಳತೆಯಲ್ಲಿ ಅಳೆದು ಸರಿಸಮನಾಗಿ. ಮೂವತ್ತನಾಲ್ಕು ವರ್ಷ ಮುಚ್ಚಿದ್ದ ಬಾಯಿ ತೆರೆದ ಮೇಲೆ ಅರ್ಧ ತೆರೆಯುವುದು ಯಾಕೆ ಎಂದಳು.

ಚುನಾವಣೆಯ ದಿನ ಬೆಳಿಗ್ಗೆ ಅವಳು ಮತದಾರರ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದಳು, ಕೈಯಲ್ಲಿ ಉಣ್ಣೆಯ ದಿಂಬು. ಒಳಗೆ ಮೇಜಿನ ಹಿಂದೆ ಬರ್ನಿಸ್, ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ಗೇಲಾರ್ಡ್. ಬೆಳಿಗ್ಗೆ ಏಳರಿಂದ ಬರ್ನಿಸ್ ಅವನನ್ನು ಶಾಲೆಯ ಹುಡುಗನಂತೆ ತಿದ್ದುತ್ತಿದ್ದಳು. ಆರ್ಡಿಸ್‌ಳನ್ನು ಕಂಡು ಅವನು ಪಟ್ಟಿಯ ಪುಟ ತಿರುಗಿಸತೊಡಗಿದ.

"ಹೆಸರು ಕೇಳ್ದೆ ಹುಡುಕಬೇಡ," ಎಂದಳು ಬರ್ನಿಸ್. "ಗೊತ್ತಿದ್ದೋರನ್ನೂ ಕೇಳಬೇಕು."

"ಹೆಸರು?"

"ಆರ್ಡಿಸ್ ಹಾಲ್ವರ್ಸನ್."

"ವಿಳಾಸ?"

"ನಾನೂರ ಹನ್ನೆರಡು, ಮೂರನೇ ಬೀದಿ."

ಗೇಲಾರ್ಡ್ ತಲೆಯೆತ್ತಿದ. "ಅಲ್ಲೇ ವಾಸವಾಗಿದೀರಾ?"

"ಅಲ್ಲೇ," ಎಂದಳು ಆರ್ಡಿಸ್, ಸಾಲಿನ ಕೊನೆಯವರೆಗೆ ಕೇಳುವಂತೆ. ಸಹಿ ಹಾಕಿ, ದಿಂಬನ್ನು ಅವನ ಮುಂದಿಟ್ಟಳು. ಆ ಕುರ್ಚಿಯಲ್ಲಿ ರಾತ್ರಿ ಎಂಟರವರೆಗೆ ಕೂರಲು ಏನು ಬೇಕೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಾರ್ಲಾ ನೂರ ಹತ್ತೊಂಬತ್ತು ಮತದಿಂದ ಗೆದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಾನು ಆರ್ಡಿಸ್‌ಳನ್ನು ಕೆಣಕಿದೆ. ಅವಳು ಬುಧವಾರ ಬೆಳಗಿನ ಕಾಫಿಗೆ ಸಕ್ಕರೆ ಕಲಕುತ್ತ, ಸೊಸೆಗೆ ನನ್ನ ಎದುರಿಗೇ ಹೇಳಿದಳು:

"ನಾನು ನಿನಗೆ ಹಾಕ್ಲಿಲ್ಲ. ಮುಂದಿನ ಸಲಾನೂ ಹಾಕಲ್ಲ."

"ಗೊತ್ತು ಅತ್ತೆ. ಎರಡು ವರ್ಷಕ್ಕೆ ಮತ್ತೆ ನಿಂತ್ರೆ ಆ ಕುರ್ಚಿ ನಿಮಗೆ ಮತ್ತೆ ಸಿಗಲ್ಲ. ನೀವು ಬೇಡ ಅಂದ್ರೆ..."

"ನಿಂತ್ಕೋ," ಎಂದಳು ಆರ್ಡಿಸ್. "ಗೇಲಾರ್ಡ್ ಈಗಷ್ಟೇ ಕೆಲಸ ಕಲೀತಿದಾನೆ, ಪಾಪ."

ಜನವರಿಯ ಮೊದಲ ವಾರ ಕಾರ್ಲಾ ಶಾಸನಸಭೆಯ ಅಧಿವೇಶನಕ್ಕೆ ರಾಜ್ಯದ ರಾಜಧಾನಿಗೆ ಹೊರಟಳು. ಚಳಿಗೆ ಕಾರು ಅರ್ಧ ಗಂಟೆ ಬಿಸಿಯಾಗಬೇಕಾಯಿತು. ಲೋವೆಲ್ ಪೆಟ್ಟಿಗೆಗಳನ್ನು ಇಟ್ಟ, ಕೋಟಿನೊಳಗೆ ಇನ್ನೂ ಅದೇ ಗುಲಾಬಿ ಬನಿಯನ್ನು. ಕೊನೆಗೆ ಆರ್ಡಿಸ್ ಹೊರಬಂದು ಟವೆಲಿನಲ್ಲಿ ಸುತ್ತಿದ ಗಾಜಿನ ಪಾತ್ರೆಯನ್ನು ಸೊಸೆಯ ಪಕ್ಕದ ಸೀಟಿನ ಮೇಲಿಟ್ಟು ಬೆಲ್ಟು ಹಾಕಿದಳು. ಹಾಟ್‌ಡಿಶ್ ಇನ್ನೂ ಬಿಸಿಯಿತ್ತು.

"ವಾರದ ಊಟಕ್ಕಾಗುತ್ತೆ. ಪಾತ್ರೆ ಜೋಪಾನ."

"ವಸಂತದಲ್ಲಿ ವಾಪಸ್ ತರ್ತೀನಿ ಅತ್ತೆ."

ಆರ್ಡಿಸ್ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಳು. ನಮ್ಮ ಬೀದಿಯ ಕೊನೆಯಲ್ಲಿ ಆಸ್ಪತ್ರೆಯ ಕಟ್ಟಡ ಕಾಣುತ್ತದೆ. ಹೆರಿಗೆ ವಾರ್ಡಿನ ಕಿಟಕಿಗಳು ಕತ್ತಲಾಗಿ ಒಂಬತ್ತು ತಿಂಗಳಾಗಿತ್ತು.

"ಖಾಲಿ ತರಬೇಡ," ಎಂದು ಹೇಳಿ ಬಾಗಿಲು ಹಾಕಿದಳು.